ಉಡಿಕೆಯ ಸಾಕ್ಷಿ

ಉಡುಪಿ
೪ ಮಾರ್ಚ್ ೨೦೦೨, ಸೋಮವಾರ

ಮಲ್ಲಿನಾಥ ಮಾಸ್ತರರಿಗೆ,

ನಿಮ್ಮ ತಂಗಿ ರತ್ನವ್ವನಿಗೂ ಆಕೆಯ ಗಂಡ ಚಂದಪ್ಪನಿಗೂ ಮಣಿಪಾಲದ ಕಟ್ಟಡ ಕಂಪನಿ ಕೊಡುತ್ತೇನೆ ಎಂದದ್ದು ಇಷ್ಟು: ಸಂಸಾರಸ್ಥರಿಗೆ ಒಂದು ತಗಡಿನ ಕೊಠಡಿ. ಒಂದು ಬಲ್ಬು. ಒಲೆ ಹೂಡಲು ಒಂದು ಮೂಲೆ.

ಕೊಡದೆ ಹೋದದ್ದು: ಕೊಠಡಿ. ಬಲ್ಬು. ಮೂಲೆ. ಚಂದಪ್ಪ ಗಂಡಸರ ಶೆಡ್ಡಿನಲ್ಲಿದ್ದಾನೆ. ರತ್ನವ್ವ ಮತ್ತು ಎಂಟು ವರ್ಷದ ಮಗಳು ರಾಜಶ್ರೀ ರಸ್ತೆಯಾಚೆ ಹೆಂಗಸರ ಶೆಡ್ಡಿನಲ್ಲಿದ್ದಾರೆ. ಇವರು ಅಲ್ಲಿಗೆ, ಅವನು ಇಲ್ಲಿಗೆ ಕಾಲಿಡುವಂತಿಲ್ಲ. ಗಂಡ ಹೆಂಡತಿ ಎಂಬುದಕ್ಕೆ ಕಾಗದ ಇಲ್ಲವಂತೆ.

ನಾನು ಕುಶಲಾ, ವಕೀಲೆ. ಊರು ಕಾಪು. ಉಡುಪಿಯಲ್ಲಿ ಕೂಲಿಕಾರರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ನಮ್ಮ ಸಂಘಟನೆಯ ಒಂದು ಸಣ್ಣ ಕಚೇರಿ ಉಂಟು, ಅಲ್ಲಿ ಕೂರುತ್ತೇನೆ. ರತ್ನವ್ವ ನನ್ನ ಬಳಿ ಬಂದದ್ದು ಹೋದ ವಾರ.

ಜನವರಿಯಲ್ಲಿ ಇದೇ ಕಂಪನಿಯ ಕಾಪುವಿನ ಸೈಟಿನಲ್ಲಿ ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಚಂದಪ್ಪನ ಎರಡೂ ಕೈ ಸಿಕ್ಕಿದ್ದು ನಿಮಗೆ ಗೊತ್ತುಂಟಾ? ಬಲಗೈಯ ನಾಲ್ಕು ಬೆರಳು ಹೋದವು. ಎಡಗೈಯ ನರ ಕತ್ತರಿಸಿ ಹಿಡಿತ ಹೋಗಿದೆ. ತುತ್ತು ಎತ್ತಲಾರ, ಅಂಗಿಯ ಗುಂಡಿ ಹಾಕಿಕೊಳ್ಳಲಾರ. ದಿನಾ ಬೆಳಿಗ್ಗೆ ಆರೂವರೆಗೆ, ಸಂಜೆ ಆರೂವರೆಗೆ ನಿಮ್ಮ ತಂಗಿ ಗಂಡಸರ ಶೆಡ್ಡಿನ ಗೇಟಿನ ಹೊರಗೆ, ರಸ್ತೆ ಬದಿಯ ಮಣ್ಣಿನಲ್ಲಿ ಕೂತು ಗಂಡನಿಗೆ ತಿನ್ನಿಸುತ್ತಾಳೆ. ಲಾರಿಗಳು ತಟ್ಟೆಗೆ ಧೂಳು ಸುರಿದು ಹೋಗುತ್ತವೆ. ಮಣಿಪಾಲದ ಕಾಲೇಜಿಗೆ ಓದಲು ಬಂದ ಶ್ರೀಮಂತರ ಮಕ್ಕಳು ನಿಂತು ನೋಡುತ್ತಾರೆ.

ಕಂಪನಿಯ ಮ್ಯಾನೇಜರನ ಹತ್ತಿರ ಜಗಳ ಮಾಡಿ ಬಂದೆ. “ಕಾಗದ ತೋರಿಸಿ, ಕೀಲಿ ತಗೊಳ್ಳಿ ಮೇಡಂ. ಇಲ್ಲದಿದ್ದರೆ ನಾಳೆ ಪ್ರತಿಯೊಬ್ಬನೂ ಒಬ್ಬಳನ್ನು ತಂದು ನನ್ನ ಹೆಂಡತಿ ಅಂತಾನೆ” ಎಂದ. ಮೇ ೩೧ಕ್ಕೆ ಕೊಠಡಿ ಹಂಚಿಕೆ ಮುಗಿಯುತ್ತದೆ. ಜೂನಿನಲ್ಲಿ ಇಲ್ಲಿ ಸುರಿಯುವ ಮಳೆ ನೀವು ಕಂಡದ್ದಲ್ಲ. ರಸ್ತೆ ಬದಿಯಲ್ಲಿ ಕೂತು ಉಣ್ಣಿಸಲು ಆಗುವುದಿಲ್ಲ.

ಮದುವೆ ನೋಂದಾಯಿಸಬೇಕು. ಕರೆಯೋಲೆ, ಫೋಟೋ, ಮದುವೆ ಕಂಡವರೊಬ್ಬರು, ಇಷ್ಟು ಬೇಕು. ರತ್ನವ್ವನನ್ನು ಕೇಳಿದರೆ “ಅಣ್ಣಗ ಬರೀರಿ” ಎಂದು ಸೆರಗು ಬಾಯಿಗಿಡುತ್ತಾಳೆ. ಅದಕ್ಕೆ ಬರೆದಿದ್ದೇನೆ. ತಡ ಮಾಡಬೇಡಿ.

ಕುಶಲಾ


ಹುನಗುಂದ ತಾಲೂಕು
೧೩ ಮಾರ್ಚ್ ೨೦೦೨

ಸನ್ಮಾನ್ಯ ವಕೀಲರಾದ ಕುಶಲಾ ಅವರಿಗೆ,

ಮಲ್ಲಿನಾಥ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಮ್ಮ ಪತ್ರ ತಲುಪಿತು. ನಮ್ಮ ಶಾಲೆಯಲ್ಲಿ ಏಳನೇ ತರಗತಿಯ ಪರೀಕ್ಷೆಯ ಸಿದ್ಧತೆ ನಡೆದಿರುವುದರಿಂದ ಉತ್ತರ ತಡವಾಯಿತು, ಕ್ಷಮಿಸಬೇಕು.

ತಾವು ಮದುವೆಯ ಕರೆಯೋಲೆ ಮತ್ತು ಭಾವಚಿತ್ರ ಕೇಳಿದ್ದೀರಿ. ಎರಡೂ ಪೆಟ್ಟಿಗೆಯಲ್ಲಿದ್ದವು. ಇದರೊಂದಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಮದುವೆ ಬಹಳ ಚೆನ್ನಾಗಿ ಆಯಿತು. ಐನೂರು ಜನ ಉಂಡರು. ಆದರೆ ಇಲ್ಲಿಂದ ಸಾಕ್ಷಿಗೆ ಯಾರೂ ಅಷ್ಟು ದೂರ ಬರುವುದು ಕಷ್ಟ.

ಚಂದಪ್ಪನವರ ಕೈಗೆ ಹೀಗಾದದ್ದು ತಿಳಿದಿರಲಿಲ್ಲ. ಅವರಿಗೆ ಆರೋಗ್ಯವಾಗಲಿ ಎಂದು ಹಾರೈಸುತ್ತೇನೆ. ಹೆಚ್ಚಿಗೆ ಏನು ಬರೆಯಲಿ.

ತಮ್ಮ ವಿಶ್ವಾಸಿ,
ಮಲ್ಲಿನಾಥ


ಉಡುಪಿ
೨೧ ಮಾರ್ಚ್ ೨೦೦೨

ಮಾಸ್ತರರೇ,

ನೀವು ಮಾಡಿದ್ದು ಏನೆಂದು ಗೊತ್ತುಂಟಾ?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಾರ್ಡನ್ನು ಓದದೆ ಅವಸರದಲ್ಲಿ ಕಡತಕ್ಕೆ ಸೇರಿಸಿ, ರತ್ನವ್ವ ಚಂದಪ್ಪರನ್ನು ಕರೆದುಕೊಂಡು ನೋಂದಣಿ ಕಚೇರಿಗೆ ಹೋದೆ. ಗುಮಾಸ್ತ ಅದನ್ನು ಬಿಡಿಸಿ ದೊಡ್ಡ ದನಿಯಲ್ಲಿ ಓದಿದ. ವರನ ಹೆಸರು ಬೇರೆ. ಇಸವಿ ೧೯೮೨. “ಎಂತ ಮಾರಾಯ್ರೆ, ಇದರಲ್ಲಿ ಗಂಡೇ ಬೇರೆ ಉಂಟಲ್ಲ! ಇವರು ಯಾರು, ಬದಲಿಗೆ ಬಂದವರಾ?” ಎಂದ. ಕಚೇರಿ ಪೂರ್ತಿ ನಕ್ಕಿತು. ನಿಮ್ಮ ತಂಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಚಂದಪ್ಪ ಬ್ಯಾಂಡೇಜಿನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಹೊರಗೆ ಬಂದ ಮೇಲೆ ರತ್ನವ್ವ ಹೇಳಿದಳು. ಹದಿನಾರಕ್ಕೆ ಮದುವೆ, ಹತ್ತೊಂಬತ್ತಕ್ಕೆ ವಿಧವೆ, ಇಪ್ಪತ್ತೈದಕ್ಕೆ ಚಂದಪ್ಪನ ಜೊತೆ ಉಡಿಕೆ. ಆ ಪದ ನಾನು ಕೇಳಿದ್ದು ಅದೇ ಮೊದಲು.

ನೀವು ಬೇಕೆಂದೇ ಕಳಿಸಿದ್ದೀರಿ ಎಂದು ನನಗೆ ಅನಿಸುತ್ತದೆ. ಐನೂರು ಎಲೆಯ ಮದುವೆ ನಿಮಗೆ ಮದುವೆ, ಹನ್ನೊಂದು ವರ್ಷದ ಬದುಕು ಮದುವೆಯಲ್ಲ. ಸತ್ತ ಗಂಡನ ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಅಣ್ಣ, ಬದುಕಿರುವ ಗಂಡನಿಗೆ “ಆರೋಗ್ಯವಾಗಲಿ” ಎಂದು ಒಂದು ಸಾಲು ಬಿಸಾಡುತ್ತಾನೆ. ನಿಮ್ಮಂಥ ಓದಿದವರ ಮರ್ಯಾದೆಯನ್ನು ಹೆಂಗಸರು ತಲೆಯ ಮೇಲೆ ಹೊತ್ತು ಹೊತ್ತು ಕುತ್ತಿಗೆ ಮುರಿದುಕೊಂಡದ್ದು ಸಾಕು. ಇಳಿಸಿಕೊಳ್ಳಿ.

ಕುಶಲಾ


ಉಡುಪಿ
೯ ಏಪ್ರಿಲ್ ೨೦೦೨

ಮಲ್ಲಿನಾಥ ಮಾಸ್ತರರಿಗೆ,

ಹತ್ತೊಂಬತ್ತು ದಿನವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ನನ್ನ ಪತ್ರ ಕಟುವಾಗಿತ್ತು. ಬೀದಿಯಲ್ಲಿ ಕೂಗಿ ಕಲಿತವಳು ನಾನು, ಕಾಗದದ ಮೇಲೂ ಕೂಗುತ್ತೇನೆ. ಅದಿರಲಿ. ನಡೆದದ್ದನ್ನು ಹೇಳುತ್ತೇನೆ.

ಆ ಫೋಟೋವನ್ನು ರತ್ನವ್ವನಿಗೆ ತೋರಿಸಬಾರದು ಎಂದುಕೊಂಡಿದ್ದೆ. ಅವಳೇ ಕೇಳಿ ಇಸಿದುಕೊಂಡಳು. ಮದುಮಕ್ಕಳ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಎಡತುದಿಯಲ್ಲಿ ಅರ್ಧ ಮುಖ ಕತ್ತರಿಸಿಹೋದ ಒಬ್ಬ ಹೆಂಗಸಿದ್ದಾಳಲ್ಲ, ಅವಳ ಮೇಲೆ ಬೆರಳಿಟ್ಟಳು. “ನಮ್ಮವ್ವ ರೀ. ಅವ್ವಂದು ಇದೊಂದ ಫೋಟೋ ಐತಿ ಅಂತ ನನಗ ಗೊತ್ತ ಇರ್ಲಿಲ್ಲ” ಎಂದಳು. ಈಗ ಅದು ಅವಳ ಟ್ರಂಕಿನಲ್ಲಿದೆ. ನೀವು ಕಳಿಸಿದ್ದು ಪೂರ್ತಿ ವ್ಯರ್ಥವಾಗಲಿಲ್ಲ.

ಎರಡನೆಯ ಮಾತು. ನಾನು ಸುಲಭದ ದಾರಿ ಹುಡುಕಿದೆ: ಇಬ್ಬರೂ ಕಚೇರಿಯಲ್ಲೇ ಹೊಸದಾಗಿ ಮದುವೆಯಾಗಿಬಿಡಿ, ಹಳೆಯದರ ಗೊಡವೆ ಬೇಡ ಎಂದೆ. ಅಲ್ಲಿಯವರೆಗೆ ನನ್ನೆದುರು ದನಿ ಎತ್ತದ ಹೆಂಗಸು ಎದ್ದು ನಿಂತಳು. “ಆಗಿದ್ದ ಲಗ್ನ ಮತ್ತ ಯಾಕ ಆಗ್ಬೇಕ್ರೀ ಅಕ್ಕಾ? ಹನ್ನೊಂದು ವರ್ಷ ನಾ ಇವನ ಜೋಡಿ ಹಂಗ ಇದ್ನೇನು? ನನ್ನ ಮಗಳು ಲಗ್ನಕ್ಕಿಂತ ಮೊದಲ ಹುಟ್ಟಿದಾಕಿ ಅಂತ ಬರೀತೀರೇನು?” ಎಂದಳು. ಹದಿನೈದು ವರ್ಷ ಹೆಂಗಸರ ಹಕ್ಕಿನ ಬಗ್ಗೆ ಭಾಷಣ ಮಾಡಿದ ನಾನು ಆ ಹೊಸ ಮದುವೆಯ ಅರ್ಜಿಯನ್ನು ಮಡಚಿಟ್ಟೆ.

ಆಮೇಲೆ ಕಾನೂನು ಪುಸ್ತಕ ಸರಿಯಾಗಿ ಓದಿದೆ. ದಾರಿ ಉಂಟು. ಯಾವುದೇ ಶಾಸ್ತ್ರ, ಪದ್ಧತಿಯಂತೆ ಮದುವೆಯಾಗಿ, ಅಂದಿನಿಂದ ಒಟ್ಟಿಗೆ ಬಾಳಿದವರು ವಿಶೇಷ ವಿವಾಹ ಕಾಯ್ದೆಯಡಿ ಆ ಮದುವೆಯನ್ನೇ ನೋಂದಾಯಿಸಬಹುದು. ತಕರಾರು ಇದ್ದವರು ಹೇಳಲಿ ಎಂದು ಮೂವತ್ತು ದಿನ ನೋಟೀಸು ಹಚ್ಚುತ್ತಾರೆ. ಆ ಪುಸ್ತಕದಲ್ಲಿ ಮಕ್ಕಳ ಹೆಸರನ್ನೂ ಬರೆಯುತ್ತಾರೆ. ರಾಜಶ್ರೀಯ ಹೆಸರು ಬರುತ್ತದೆ.

ಅಧಿಕಾರಿ ಎರಡು ಕೇಳಿದ್ದಾರೆ. ಮೊದಲ ಗಂಡ ತೀರಿಹೋದ ದಾಖಲೆ. ಉಡಿಕೆಯನ್ನು ಕಣ್ಣಾರೆ ಕಂಡ ಒಬ್ಬರು. ಮಾಸ್ತರರೇ, ಉಡಿಕೆ ಎಂದರೆ ಏನೆಂದು ನೀವೇ ನನಗೆ ಹೇಳಿ. ಪಾಠ ಎಂದುಕೊಂಡು ಹೇಳಿ. ಕೂಗದೆ ಕೇಳಿಸಿಕೊಳ್ಳುತ್ತೇನೆ.

ಕುಶಲಾ


ಹುನಗುಂದ ತಾಲೂಕು
೧೭ ಏಪ್ರಿಲ್ ೨೦೦೨

ಕುಶಲಾ ಅವರಿಗೆ,

ನಮಸ್ಕಾರ. ನೀವು ಬೈದದ್ದರಲ್ಲಿ ಅರ್ಧ ಸರಿ. ಆದರೆ ಕಾರ್ಡನ್ನು ಮೋಸದಿಂದ ಕಳಿಸಲಿಲ್ಲ. ನೀವು “ಮದುವೆ” ಎಂದು ಬರೆದಿದ್ದಿರಿ. ನಮ್ಮ ಕಡೆ ಹೆಣ್ಣಿಗೆ ಮದುವೆ ಎಂಬುದು ಒಂದೇ. ಆ ಪದ ಓದಿದ ಕೂಡಲೇ ನನ್ನ ಕೈ ತಾನಾಗಿಯೇ ಆ ಪೆಟ್ಟಿಗೆಗೆ ಹೋಯಿತು. ಅಂಚೆಗೆ ಹಾಕಿ ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಆಗಲೂ ಇನ್ನೊಂದು ಕಾಗದ ಬರೆಯಲಿಲ್ಲ. ಅದು ನನ್ನ ತಪ್ಪು.

ಉಡಿಕೆ ಎಂದರೆ ಗಂಡ ಸತ್ತವಳಿಗೆ ಅಥವಾ ಬಿಟ್ಟವಳಿಗೆ ಇನ್ನೊಬ್ಬನಿಂದ ಸೀರೆ ಉಡಿಸುವುದು. ಹಂದರ ಹಾಕುವುದಿಲ್ಲ. ಬಾಜಾ ಇಲ್ಲ, ಅಕ್ಕಿಕಾಳಿಲ್ಲ, ಕಾರ್ಡಿಲ್ಲ. ಫೋಟೋ ತೆಗೆಯುವವನನ್ನು ಯಾರೂ ಕರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊರ ಹೊರಗಿನ ಹನುಮಪ್ಪನ ಗುಡಿಯ ಹಿಂದೆ ಮಾಡುತ್ತಾರೆ. ಮುತ್ತೈದೆಯರು ಬರುವಂತಿಲ್ಲ. ನಾಲ್ಕು ಜನ ವಿಧವೆಯರು, ಒಬ್ಬ ಹಿರಿಯ, ಅಷ್ಟೇ. ತವರಿನ ಅಣ್ಣತಮ್ಮಂದಿರು ಮರುದಿನ ಬೆಳಗಾಗುವ ತನಕ ಅವಳ ಮುಖ ನೋಡುವಂತಿಲ್ಲ. ನೋಡಿದರೆ ನೋಡಿದವನ ಮನೆಗೆ ಕೇಡು ಎನ್ನುತ್ತಾರೆ.

ನಮ್ಮ ರತ್ನಿಯ ಉಡಿಕೆ ಮಾಡಿಸಿದ ಯಮನೂರಜ್ಜ ತೀರಿಹೋದ. ಆ ನಾಲ್ವರು ಹೆಂಗಸರೂ ಈಗಿಲ್ಲ. ನಾನು ಇರಲಿಲ್ಲ. ಇರುವಂತಿರಲಿಲ್ಲ. ಮರುದಿನ ನಾನು ಏಳುವ ಮೊದಲೇ ಅವರಿಬ್ಬರೂ ಘಟ್ಟ ಇಳಿಯುವ ಬಸ್ಸು ಹತ್ತಿದ್ದರು. ನಮ್ಮವ್ವ ತೀರಿಕೊಂಡಾಗ ಒಮ್ಮೆ ಬಂದಿದ್ದಳು. ಅವತ್ತೂ ತಲೆ ಎತ್ತಿ ಮಾತಾಡಲಿಲ್ಲ, ನಾನು.

ಮೊದಲಿನ ಗಂಡನ ಮರಣದ ಉತಾರ, ಅಂದರೆ ದಾಖಲೆಯ ನಕಲು, ಇದರೊಂದಿಗೆ ಇಟ್ಟಿದ್ದೇನೆ. ಸಾಕ್ಷಿ ನನ್ನಿಂದಾಗದು.

ಮಲ್ಲಿನಾಥ


ಉಡುಪಿ
೨೫ ಏಪ್ರಿಲ್ ೨೦೦೨

ಪ್ರಿಯ ಮಾಸ್ತರರಿಗೆ,

ಮರಣದ ದಾಖಲೆಗೆ ಉಪಕಾರ. ನಿನ್ನೆ ನೋಟೀಸು ಬಿತ್ತು. ಹಲಗೆಯ ಮೇಲೆ ರತ್ನವ್ವ, ಚಂದಪ್ಪ ಎಂದು ಟೈಪು ಮಾಡಿದ ಕಾಗದ ಅಂಟಿಸಿದ್ದಾರೆ. ಮೇ ೨೪ಕ್ಕೆ ಮೂವತ್ತು ದಿನ. ರಾಜಶ್ರೀ ಅದರ ಎದುರು ನಿಂತು ಅಪ್ಪನ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. ಅಷ್ಟರಲ್ಲಿ ಗುಮಾಸ್ತನ ಹೊಸ ತಕರಾರು: “ಅಂದಿನಿಂದ ಒಟ್ಟಿಗೆ ಬಾಳಿರಬೇಕು ಅಂತ ಉಂಟಲ್ಲ ಮೇಡಂ. ಇವರು ಬೇರೆ ಬೇರೆ ಶೆಡ್ಡಿನಲ್ಲಿದ್ದಾರಲ್ಲ?”

ಕೇಳಿದಿರಾ? ಕಾಗದ ಇಲ್ಲದ್ದಕ್ಕೆ ಕಂಪನಿ ಬೇರೆ ಮಾಡಿತು. ಬೇರೆ ಇರುವುದಕ್ಕೆ ಸರ್ಕಾರ ಕಾಗದ ಕೊಡುವುದಿಲ್ಲ. ಬಡವರನ್ನು ಗಾಣಕ್ಕೆ ಕಟ್ಟಿದವರು ಒಬ್ಬರಲ್ಲ, ಇಬ್ಬರು, ಮತ್ತು ಇಬ್ಬರ ಕೈಯೂ ಸ್ವಚ್ಛ!

ನಿನ್ನೆ, ಇವತ್ತು ಓಡಾಡಿದೆ. ಮೊದಲು ಇವರು ಕಾರ್ಕಳದ ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದರು. ಅಲ್ಲಿ ಬಾಡಿಗೆಗೆ ಕೊಠಡಿ ಕೊಟ್ಟಿದ್ದ ಐರಿನ್ ಬಾಯಿಯನ್ನು ಹುಡುಕಿದೆ. “ಏಳು ವರ್ಷ ಇದ್ರು. ಜಗಳ ಮಾಡಿದ್ರೂ ಒಂದೇ ಕೋಣೆಯಲ್ಲಿ ಮಾಡಿದ್ದಾರೆ. ಮದುವೆ ಆಗದವರು ಅಷ್ಟು ಜಗಳ ಮಾಡ್ತಾರಾ?” ಎಂದು ಬರೆದುಕೊಟ್ಟರು. ಗಂಡಸರ ಶೆಡ್ಡಿನ ವಾಚ್‌ಮನ್ ಪಾಸ್ಕಲ್ ಸಾಕ್ಷಿಗೆ ಬರುತ್ತೇನೆ ಎಂದಿದ್ದಾನೆ. ಕೆಲಸ ಹೋದೀತು ಎಂದೆ. “ಹೋದ್ರೆ ಹೋಗ್ಲಿ ಅಕ್ಕ. ದಿನಕ್ಕೆರಡು ಸಲ ನೋಡ್ತೇನೆ. ಆ ಹೆಂಗಸು ಮುಳ್ಳು ತೆಗೆದು ತೆಗೆದು ಬೂತಾಯಿ ಮೀನು ತಿನ್ನಿಸುದು ನೋಡಿದ್ರೆ ನಂಗೆ ಮನೆಗೆ ಹೋಗಿ ನನ್ನ ಹೆಂಡ್ತಿ ಹತ್ರ ಜಗಳ ಮಾಡ್ಲಿಕ್ಕೆ ನಾಚಿಕೆ ಆಗ್ತದೆ” ಎಂದ. ಜೋಳದ ನಾಡಿನ ನಿಮ್ಮ ತಂಗಿ ಬೂತಾಯಿ ಸಾರು ಕಲಿತಿದ್ದಾಳೆ, ಮಾಸ್ತರರೇ.

ಇನ್ನೊಂದು ವಿಷಯ. ನಿಮಗೆ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಭಾನುವಾರ ಕಾಪುವಿನ ಮನೆಯಲ್ಲಿ ಊಟಕ್ಕೆ ಕೂತಾಗ ನಿಮ್ಮ ಪತ್ರದ ಕಥೆ ಹೇಳುತ್ತಿದ್ದೆ. ಫೋಟೋ ಇಲ್ಲ, ಹಂದರ ಇಲ್ಲ, ಎಂಥ ಕ್ರೂರ ಪದ್ಧತಿ ನೋಡಿ ಎಂದು ನನ್ನ ಮಾಮೂಲಿ ಭಾಷಣ. ನನ್ನ ಅಮ್ಮ ಚಂಪಾ ಬಡಿಸುವುದನ್ನು ನಿಲ್ಲಿಸಿ ತುಳುವಿನಲ್ಲಿ ಕೇಳಿದಳು: “ಈ ಮನೆಯಲ್ಲಿ ನನ್ನ ಮದುವೆ ಫೋಟೋ ಉಂಟಾ? ಯಾವತ್ತಾದರೂ ಕೇಳಿದ್ದೀಯಾ, ವಕೀಲರೇ?”

ಕೇಳಿರಲಿಲ್ಲ. ಮೂವತ್ತೆಂಟು ವರ್ಷ ಆ ಗೋಡೆಗಳ ನಡುವೆ ಇದ್ದೇನೆ. ಅಜ್ಜನ ಫೋಟೋ ಉಂಟು, ಸತ್ಯನಾರಾಯಣನ ಫೋಟೋ ಉಂಟು. ಅಮ್ಮನಿಗೂ ಅಪ್ಪ ವಿಠಲನಿಗೂ ಆದದ್ದು ಬುಡುದಾರೆ. ನಿಮ್ಮ ಉಡಿಕೆಯ ಹಾಗೇ, ಎರಡನೆಯ ಸಲದವಳಿಗೆ ಸದ್ದಿಲ್ಲದೆ ಕೈ ಹಿಡಿಸಿ ಕಳಿಸುವುದು. ಅಪ್ಪನಿಗಿಂತ ಮೊದಲು ಒಬ್ಬರಿದ್ದರು, ಕಡಲಿಗೆ ಹೋದವರು ಬರಲಿಲ್ಲ. ನನಗೆ ಗೊತ್ತೇ ಇರಲಿಲ್ಲ. “ಯಾರಾದರೂ ಒಬ್ಬರು ನನ್ನ ಕಡೆಯವರು ಅಲ್ಲಿ ನಿಂತಿದ್ದರೆ ಸಾಕಿತ್ತು” ಎಂದಳು ಅಮ್ಮ. ಮತ್ತೆ ಗಂಜಿ ಬಡಿಸಿದಳು.

ನಿಮ್ಮನ್ನು ಬೈದದ್ದರಲ್ಲಿ ಸರಿಯಲ್ಲದ ಅರ್ಧವನ್ನು ಹಿಂದೆ ತೆಗೆದುಕೊಂಡಿದ್ದೇನೆ.

ಕಣ್ಣಾರೆ ಕಂಡವರು ಇಲ್ಲವೆಂದರೆ ಅಧಿಕಾರಿ ತಿರಸ್ಕರಿಸುತ್ತಾರೆ. ಊರಿನಲ್ಲಿ ಇನ್ನೊಮ್ಮೆ ವಿಚಾರಿಸಿ. ಯಾರಾದರೂ ಇದ್ದೇ ಇರುತ್ತಾರೆ.

ಕುಶಲಾ


ಹುನಗುಂದ ತಾಲೂಕು
೧೩ ಮೇ ೨೦೦೨

ತಂಗೀ ಕುಶಲಾ,

ಹಾಗೆ ಕರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ.

ನಾನಿದ್ದೆ.

ಅವತ್ತು ಹೊತ್ತು ಮುಳುಗಿದ ಮೇಲೆ ಯಮನೂರಜ್ಜ ಮುಂದೆ ಹೋದ, ರತ್ನಿ ತಲೆ ತಗ್ಗಿಸಿ ಹಿಂದೆ ಹೋದಳು. ಎರಡನೇ ಗಂಡನ ಮನೆಗೆ ತಂಗಿಯನ್ನು ಕಳ್ಳಮಾಲಿನಂತೆ ಸಾಗಿಸುತ್ತಿದ್ದಾರೆ ಅನಿಸಿತು. ನಾನು ಅವತ್ತು ಬೆಳಿಗ್ಗೆಯಷ್ಟೇ ಮಕ್ಕಳಿಗೆ ವಿಧವಾ ವಿವಾಹ ಒಳ್ಳೆಯದು ಎಂದು ಪಾಠ ಮಾಡಿ ಬಂದವನು. ಚಪ್ಪಲಿ ಕಳಚಿಟ್ಟು ಹಿಂಬಾಲಿಸಿದೆ. ಗುಡಿಯ ಗೋಡೆಯ ಮರೆಗೆ ನಿಂತೆ.

ಕಂದೀಲು ಒಂದೇ ಇತ್ತು. ಚಂದಪ್ಪ ತಂದಿದ್ದ ಸೀರೆ ಹಸಿರು, ಕೆಂಪು ಅಂಚು. ಬಳೆ ಇಡಿಸುವಾಗ ಅವಳ ಕೈಗೆ ಏರಲಿಲ್ಲ. ಆರು ವರ್ಷ ಮಂದಿಯ ಹೊಲದಲ್ಲಿ ದುಡಿದ ಕೈ, ಗಂಡಸಿನ ಕೈಯಂತೆ ದಪ್ಪಗಾಗಿತ್ತು. ಹೆಂಗಸರು ಗಾಬರಿಯಾದರು, ಬಳೆ ಒಡೆದರೆ ಅಪಶಕುನ. ಚಂದಪ್ಪ “ತಡೀರಿ” ಎಂದು ಕಂದೀಲಿನ ಬುಡದ ಎಣ್ಣೆಯನ್ನು ಬೆರಳಿಗೆ ಬಳಿದುಕೊಂಡು ಅವಳ ಮುಂಗೈ ತಿಕ್ಕಿದ. “ಸೀಮೆಎಣ್ಣಿ ನಾರತೈತಿ” ಎಂದಳು ಅವಳು. “ನಾಳೆಗೆ ಹೋಗತೈತಿ, ನಾ ಹೋಗಂಗಿಲ್ಲ” ಎಂದ ಅವನು. ರತ್ನಿ ನಕ್ಕಳು. ಗಂಡ ಸತ್ತ ಮೇಲೆ ಅವಳ ನಗು ನಾನು ಕೇಳಿದ್ದು ಅದೇ ಮೊದಲು. ಒಂದೊಂದು ಕೈಗೆ ಆರರಂತೆ ಹನ್ನೆರಡು ಬಳೆ ಇಟ್ಟರು. ಎಣಿಸಿದ್ದೇನೆ.

ಅದಾಗಿ ಮೂರು ತಿಂಗಳಿಗೆ ನನ್ನ ಹಸುಗೂಸು ಗಂಡುಮಗ ತೀರಿಕೊಂಡ. ಅಷ್ಟೇ ಸಾಕಾಯಿತು. ಓದಿದವನು ನಾನು, ನಂಬಬಾರದು ಎಂದು ಗೊತ್ತಿದ್ದವನು. ಆದರೂ ಒಳಗೆ ಕೂತುಬಿಟ್ಟಿತು. ನೋಡಬಾರದ್ದನ್ನು ನಾನು ನೋಡಿದೆ, ಮಗು ಹೋಯಿತು. ಹೆಂಡತಿ ಸವಿತಾಗೆ ಹೇಳಲಿಲ್ಲ. ರತ್ನಿಯ ಮುಖ ನೋಡಿದರೆ ಮಗನ ನೆನಪು, ಅದಕ್ಕೇ ತಲೆ ಎತ್ತಲಿಲ್ಲ. ಅವಳು ಅಣ್ಣನಿಗೆ ನಾನು ಅಸಹ್ಯ ಎಂದುಕೊಂಡಿದ್ದಾಳು.

ನಿನ್ನ ಅವ್ವನ ಮಾತು ಓದಿದ ಮೇಲೆ ಇರಲಾಗಲಿಲ್ಲ. ಮೊನ್ನೆ ಸವಿತಾಳನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ. ಅವಳು ಹಸನು ಮಾಡುತ್ತಿದ್ದ ತೊಗರಿಬೇಳೆ ಹಾಗೇ ಬಿಟ್ಟಳು. ಅತ್ತಳು. ಆಮೇಲೆ ಅಂದಳು: “ಕೂಸಿಗೆ ಜ್ವರ ಬಂದಿತ್ತು. ದವಾಖಾನ್ಯಾಗ ಡಾಕ್ಟರ್ ಇರ್ಲಿಲ್ಲ. ಅದಕ್ಕ ಹೋತು. ಇಷ್ಟು ವರ್ಷ ನೀವು ತಂಗೀ ಮ್ಯಾಲೆ ಹಾಕಿದ್ರಿ, ಆ ಡಾಕ್ಟರ್ ಮ್ಯಾಲೆ ಯಾಕ ಹಾಕಲಿಲ್ಲ? ಹೋಗ್ರಿ, ಸಹಿ ಹಾಕಿ ಬರ್ರಿ. ಬರೋವಾಗ ಆಕಿನ್ನ ಕರಕೊಂಡು ಬರ್ರಿ, ನಾ ಉಡಿ ತುಂಬತೀನಿ.”

ಕುಶಲಾ, ನಾನು ಬರುತ್ತೇನೆ. ಯಾವ ದಿನ, ಎಷ್ಟು ಹೊತ್ತಿಗೆ, ತಿಳಿಸು. ಚಂದಪ್ಪನನ್ನು ಏನೆಂದು ಕರೆಯಬೇಕು, ತೋಚುತ್ತಿಲ್ಲ.

ಮಲ್ಲಿನಾಥ


ಉಡುಪಿ
೧೮ ಮೇ ೨೦೦೨, ಶನಿವಾರ

ಮಲ್ಲಿನಾಥಣ್ಣ,

ನಿಮ್ಮ ಪತ್ರವನ್ನು ನಿನ್ನೆ ಸಂಜೆ ಗೇಟಿನ ಹತ್ತಿರ ಇಬ್ಬರಿಗೂ ಓದಿ ಹೇಳಿದೆ. ಪಾಸ್ಕಲ್ ತನ್ನ ಸ್ಟೂಲನ್ನು ನನಗೆ ಕೊಟ್ಟು ತಾನು ನಿಂತು ಕೇಳಿದ.

“ನಾನಿದ್ದೆ” ಎಂಬಲ್ಲಿ ರತ್ನವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. “ಏನಂದ್ರಿ? ಇನ್ನೊಮ್ಮೆ ಓದ್ರಿ.” ಓದಿದೆ. “ಅಣ್ಣ ಇದ್ನಾ?” ಎಂದಳು. ಪತ್ರ ಮುಗಿದ ಮೇಲೆ, “ಕೂಸು ಹೋಗಿದ್ದು ನನಗ ಯಾರೂ ಹೇಳಲಿಲ್ಲ” ಎಂದಳು. ಅದಕ್ಕೇ ಅತ್ತಳು, ತನಗಾಗಿ ಅಲ್ಲ. ನೀವು ತಲೆ ಎತ್ತದ್ದಕ್ಕೆ ಅವಳು ಕಟ್ಟಿಕೊಂಡಿದ್ದ ಅರ್ಥ ಬೇರೆ. ಅವ್ವನ ಸಾವಿಗೆ ತಡವಾಗಿ ಬಂದೆನೆಂದು ಅಣ್ಣನಿಗೆ ಸಿಟ್ಟು ಎಂದುಕೊಂಡಿದ್ದಳಂತೆ. ಇಷ್ಟು ವರ್ಷ ಇಬ್ಬರೂ ಇಲ್ಲದ ತಪ್ಪಿಗೆ ಶಿಕ್ಷೆ ಹಂಚಿಕೊಂಡಿದ್ದೀರಿ.

ಚಂದಪ್ಪ 'ಮಾವ ಅನ್ನಲಿ, ಚಂದ್ಯಾ ಅನ್ನಲಿ, ಏನಾದ್ರೂ ಅನ್ನಲಿ' ಎಂದು ಹೇಳಿಕಳಿಸಿದ್ದಾನೆ. “ಬಳಿ ಏರಿಸಾಕ ನಾ ಬೆವರು ಇಳಿಸಿದ್ದನ್ನ ನೋಡ್ಯಾನ ಅಂದ್ರ ಸಾಕ್ಷಿ ಪಕ್ಕಾ ಐತಿ ಬಿಡ್ರಿ” ಎಂದು ನಕ್ಕ.

ಈಗ ಕೆಲಸದ ಮಾತು. ನೋಟೀಸಿಗೆ ಈವರೆಗೆ ಯಾರೂ ತಕರಾರು ಹಾಕಿಲ್ಲ. ಐರಿನ್ ಬಾಯಿಯ ಕಾಗದವನ್ನು ಅಧಿಕಾರಿ ಒಪ್ಪಿದ್ದಾರೆ. ಬೇರೆ ಶೆಡ್ಡಿನ ತಕರಾರಿಗೆ ನಾನು ನಾಲ್ಕು ಪುಟ ಬರೆದುಕೊಟ್ಟೆ. ಮೂರನೆಯ ಪುಟಕ್ಕೇ ಸಾಕು ಎಂದರು. ಮೂರು ಸಾಕ್ಷಿ ಬೇಕು: ಪಾಸ್ಕಲ್, ನೀವು, ಮತ್ತು ನನ್ನ ಅಮ್ಮ. ನಾನು ಕೇಳಲಿಲ್ಲ, ಅವಳೇ ಬರುತ್ತೇನೆ ಎಂದಳು. ಸಹಿ ಹಾಕಲು ಅಪ್ಪನ ಪೆನ್ನು ತೆಗೆದಿಟ್ಟಿದ್ದಾಳೆ.

ನಿಮ್ಮ ಶಾಲೆಯ ಗುರುತಿನ ಚೀಟಿ ತನ್ನಿ. ಅಧಿಕಾರಿ ಪ್ರಶ್ನೆ ಕೇಳುತ್ತಾರೆ. ನನಗೆ ಬರೆದ ಹಾಗೆಯೇ ಹೇಳಿ, ಸೀಮೆಎಣ್ಣೆಯ ಸಮೇತ. ಗುಮಾಸ್ತ ನಕ್ಕರೆ ನಗಲಿ. ಈ ಸಲ ನಾವು ಏಳು ಜನ ಇರುತ್ತೇವೆ, ರಾಜಶ್ರೀಯೂ ಸೇರಿ. ಅವಳ ಹೆಸರನ್ನು ಬರೆಯುವಾಗ ಅವಳೇ ನೋಡಬೇಕು.

ಆ ದಿನವೇ ಪ್ರಮಾಣಪತ್ರ ಕೈಗೆ ಬಂದರೆ ಮಧ್ಯಾಹ್ನ ಮಣಿಪಾಲಕ್ಕೆ ಹೋಗಿ ಮ್ಯಾನೇಜರನ ಮೇಜಿನ ಮೇಲೆ ಇಟ್ಟು ಕೊಠಡಿಯ ಕೀಲಿ ಕೇಳುವುದು. ನೀವೂ ಬರಬೇಕು. ಅವರ ಸಾಮಾನು ಹೊರಲು ಚಂದಪ್ಪನಿಗೆ ಕೈಯಿಲ್ಲ, ನಿಮಗುಂಟು.

ಹುನಗುಂದದಿಂದ ಬರುವ ಬಸ್ಸು ಬೆಳಿಗ್ಗೆಯೇ ಉಡುಪಿ ಮುಟ್ಟುತ್ತದೆ. ನನ್ನ ಕಚೇರಿಯಲ್ಲಿ ಸ್ನಾನ ಮಾಡಿ, ಏನಾದರೂ ತಿಂದು ಹೊರಡಬಹುದು. ನೋಂದಣಿ ಕಚೇರಿಯ ಮೆಟ್ಟಿಲ ಬಳಿ ನಾವೆಲ್ಲ ಸೇರುವುದು ಮೇ ೨೭, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.

ಕುಶಲಾ